ಕೆಲಸವಿಲ್ಲದ ಕೋರ್‌ಗೂ ನಿದ್ದೆಯಿಲ್ಲ: ಬ್ಯಾಟರಿ ಮೇಲೆ ಓಡುವ ಲಿನಕ್ಸ್ ಪೆಟ್ಟಿಗೆಯಲ್ಲಿ ಟೈಮರ್ ದೋಷ ಹುಡುಕಿದ ಬಗೆ

"ಏನೋ ಮಾರಾಯ, ನಿನ್ನ ಪೆಟ್ಟಿಗೆ ಬೆಳಗಿನ ಜಾವಕ್ಕೇ ಮಲ್ಗಿದೆ ಮತ್ತೆ. ರಾತ್ರಿ ಎಷ್ಟು ಇಂಚು ಹೊಡೀತು ಅಂತ ಯಾರನ್ನ ಕೇಳ್ಲಿ ನಾನು?"

"ಚಿಕ್ಕಪ್ಪ, ಹಳೇ ಮಳೆಡಬ್ಬಿ ತೆಗೆದಿಲ್ಲ ತಾನೆ? ಎರಡು ದಿವ್ಸ ಅದನ್ನೇ ನೋಡ್ಕೊಳ್ಳಿ. ಭಾನುವಾರ ಬರ್ತೀನಿ."

ಚಿಕ್ಕಪ್ಪನ ಕಾಫಿ ತೋಟ ಮೂಡಿಗೆರೆಯಿಂದ ಆಚೆ, ಕೊಟ್ಟಿಗೆಹಾರದ ಕಡೆ. ನಾನಿರುವುದು ಹಾಸನದಲ್ಲಿ. ಬೇಲೂರು ದಾಟಿ ಮೂಡಿಗೆರೆ ಮುಟ್ಟುವಷ್ಟರಲ್ಲಿ ಪುನರ್ವಸು ಮಳೆ ಕಾರಿನ ವೈಪರನ್ನೂ ಸೋಲಿಸಿತ್ತು. ಇಂಥ ಮಳೆಯಲ್ಲಿ ಎಲ್ಲೋ ಒಂದು ಮರ ತಂತಿಯ ಮೇಲೆ ಬಿದ್ದರೆ ಕರೆಂಟು ಮೂರು ದಿನಕ್ಕೂ ಬರಬಹುದು, ನಾಲ್ಕು ದಿನಕ್ಕೂ ಬರಬಹುದು. ಅದಕ್ಕೆಂದೇ ತೋಟದ ಆಫೀಸಿನ ಪೆಟ್ಟಿಗೆಗೆ ಸೋಲಾರ್ ಹಾಕಿದ್ದೆ. 12 ವೋಲ್ಟಿನ 40 ಆಂಪಿಯರ್ ಗಂಟೆಯ ಸೀಸದ ಬ್ಯಾಟರಿ, 100 ವ್ಯಾಟಿನ ಒಂದು ಪ್ಯಾನೆಲ್. ಪೆಟ್ಟಿಗೆಯೆಂದರೆ ಜೆಮಿನಿ ಲೇಕ್ ತಲೆಮಾರಿನ ಇಂಟೆಲ್ ಸೆಲೆರಾನ್ ಚಿಪ್ ಇರುವ ಪುಟ್ಟ ಕಂಪ್ಯೂಟರ್: ಚಿಪ್ಪಿನೊಳಗೆ ಲೆಕ್ಕ ಮಾಡುವ ನಾಲ್ಕು ಕೋರ್, ಡೆಬಿಯನ್ 12 ಎಂಬ ಲಿನಕ್ಸ್, ಅದರ ತಿರುಳಾದ ಕರ್ನಲ್ 6.1. ಮಳೆಮಾಪಕ, ಮಣ್ಣಿನ ತೇವ, ಎಲೆಯ ತೇವ, ಕಣದ ಪಕ್ಕದ ಉಷ್ಣತೆ, ಈ ನಾಲ್ಕನ್ನು ಬರೆದಿಟ್ಟುಕೊಳ್ಳುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ.

ಕೆಲಸವೇ ಇಲ್ಲದ ಯಂತ್ರ ಬ್ಯಾಟರಿಯನ್ನು ಹೀಗೆ ಕುಡಿಯುತ್ತಿದ್ದದ್ದು ಯಾಕೆ? ಹುಡುಕಿದ ದಾರಿಯನ್ನು, ತಪ್ಪಿದ ತಿರುವುಗಳನ್ನೂ ಸೇರಿಸಿ, ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಮೀಟರು, ಆಮೇಲೆ ಕರ್ನಲ್

ಕರ್ನಲ್‌ಗೆ ಕೈ ಹಾಕುವ ಮೊದಲು ಬ್ಯಾಟರಿ ಮತ್ತು ಪೆಟ್ಟಿಗೆಯ ನಡುವೆ ಒಂದು ಡಿಸಿ ವ್ಯಾಟ್ ಮೀಟರ್ ಸೇರಿಸಿ. ಚಿಕ್ಕಪ್ಪನ ಮನೆಯಲ್ಲಿ ಅರ್ಧ ದೋಷ ಅಲ್ಲೇ ಸಿಕ್ಕಿತು. ಹಳೆಯ ಮನೆ ಇನ್ವರ್ಟರ್ ಒಂದು ಬಿದ್ದಿತ್ತು ಎಂದು ಅದನ್ನೇ ನಡುವೆ ಕೂರಿಸಿದ್ದೆ. 12 ವೋಲ್ಟನ್ನು 230ಕ್ಕೆ ಏರಿಸಿ, ಅಡಾಪ್ಟರಿನಲ್ಲಿ ಮತ್ತೆ 12ಕ್ಕೆ ಇಳಿಸುವ ಕೆಲಸ. ಪೆಟ್ಟಿಗೆಯ ಪ್ಲಗ್ ಕಿತ್ತರೂ ಇನ್ವರ್ಟರ್ ಒಂದೇ 8 ವ್ಯಾಟ್ ತಿನ್ನುತ್ತಿತ್ತು. ಅದನ್ನು ತೆಗೆದು ಡಿಸಿಯಿಂದ ಡಿಸಿಗೇ ಕೊಡುವ ಪರಿವರ್ತಕ ಹಾಕಿದೆ. ಬ್ಯಾಟರಿಯಿಂದ ನೇರ ತಂತಿ ಎಳೆಯಬೇಡಿ, ಚಾರ್ಜ್ ಆಗುವಾಗ 14 ವೋಲ್ಟಿನ ಮೇಲೆ ಏರುತ್ತದೆ.

ಉಳಿದದ್ದು 6.1 ವ್ಯಾಟ್. ಸೀಸದ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬೇಕು ಎಂದರೆ ನಮಗೆ ಸಿಗುವುದು 240 ವ್ಯಾಟ್ ಗಂಟೆ. ಭಾಗಿಸಿದರೆ 39 ಗಂಟೆ. ಬಿಸಿಲು ಕಾಣದ ಎರಡನೇ ರಾತ್ರಿ ಕಳೆಯುವಷ್ಟರಲ್ಲಿ ಮುಗಿಯಿತು. ನಾಲ್ಕು ಸೆನ್ಸರ್ ಓದುವ ಯಂತ್ರಕ್ಕೆ ಇದು ಜಾಸ್ತಿ ಎನಿಸಿತು. ಒಂದು ವ್ಯಾಟ್ ಉಳಿದರೂ ದಿನಕ್ಕೆ 24 ವ್ಯಾಟ್ ಗಂಟೆ, ಅಂದರೆ ಬ್ಯಾಟರಿಯ 2 ಆಂಪಿಯರ್ ಗಂಟೆ ಉಳಿದಂತೆ.

ಶೇಕಡಾವಾರು ಲೆಕ್ಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ

ಯಂತ್ರ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಟಾಪ್ ಎಂಬ ಪ್ರೋಗ್ರಾಂ ಓಡಿಸಿದೆ. ನಾಲ್ಕೂ ಕೋರ್ ಶೇ. 98ರಷ್ಟು ಖಾಲಿ ಎಂದಿತು. ಅದು ಸುಳ್ಳಲ್ಲ, ಆದರೆ ನಮಗೆ ಬೇಕಾದದ್ದು ಅದಲ್ಲ. ರಾತ್ರಿ ಎಂಟು ಗಂಟೆ ಮಲಗಿದವನನ್ನು ಹತ್ತು ಹತ್ತು ನಿಮಿಷಕ್ಕೆ ಎಬ್ಬಿಸಿ "ಏನಿಲ್ಲ, ಮಲ್ಕೋ" ಎಂದರೆ ಲೆಕ್ಕದಲ್ಲಿ ಅವನು ಎಂಟು ಗಂಟೆ ಮಲಗಿದ್ದಾನೆ. ಬೆಳಗ್ಗೆ ಅವನ ಮುಖ ನೋಡಿ ಹೇಳಿ.

ಕೋರ್‌ಗೂ ನಿದ್ದೆಯಲ್ಲಿ ಹಂತಗಳಿವೆ. ಸಿ1 ಎಂದರೆ ಕಣ್ಣು ಮುಚ್ಚಿದಂತೆ, ಒಂದೆರಡು ಮೈಕ್ರೋಸೆಕೆಂಡಿನಲ್ಲಿ ಎದ್ದುಬಿಡುತ್ತದೆ, ಉಳಿಯುವ ವಿದ್ಯುತ್ತೂ ಅಷ್ಟಕ್ಕಷ್ಟೆ. ಆಳಕ್ಕೆ ಇಳಿದಂತೆ ಉಳಿತಾಯ ಹೆಚ್ಚು, ಆದರೆ ಇಳಿಯುವುದಕ್ಕೂ ಏಳುವುದಕ್ಕೂ ಖರ್ಚಿದೆ. ಆ ಖರ್ಚು ಗಿಟ್ಟಬೇಕಾದರೆ ಕನಿಷ್ಠ ಎಷ್ಟು ಹೊತ್ತು ಮಲಗಿರಬೇಕು ಎಂಬ ಅಂಕಿಯನ್ನು ಕರ್ನಲ್ ಇಟ್ಟುಕೊಂಡಿರುತ್ತದೆ. ಸಿಸ್ ಡೈರೆಕ್ಟರಿಯಲ್ಲಿ ಪ್ರತಿ ಸಿಪಿಯುವಿನ ಕೆಳಗೆ ಸಿಪಿಯುಐಡಲ್ ಎಂಬ ಕಪಾಟಿದೆ. ಒಳಗೆ ಹಂತಕ್ಕೊಂದು ಡೈರೆಕ್ಟರಿ. ರೆಸಿಡೆನ್ಸಿ ಎಂಬ ಕಡತದಲ್ಲಿ ಆ ಕನಿಷ್ಠ ಹೊತ್ತು, ಯೂಸೇಜ್‌ನಲ್ಲಿ ಎಷ್ಟು ಸಲ ಹೊಕ್ಕಿತು, ಟೈಮ್‌ನಲ್ಲಿ ಒಟ್ಟು ಎಷ್ಟು ಮೈಕ್ರೋಸೆಕೆಂಡು ಕಳೆಯಿತು. ನಮ್ಮ ಸೆಲೆರಾನ್‌ನಲ್ಲಿ ಸಿ6ಕ್ಕೆ 133 ಮೈಕ್ರೋಸೆಕೆಂಡು ಸಾಕು, ಸಿ8ಕ್ಕೆ 1,000 ಬೇಕು, ಅತಿ ಆಳದ ಸಿ10ಕ್ಕೆ 10,000. ಅಂದರೆ 10 ಮಿಲಿಸೆಕೆಂಡು. ಈ ಅಂಕಿ ನೆನಪಿರಲಿ.

ಐದು ನಿಮಿಷದ ಅಂತರದಲ್ಲಿ ಎರಡು ಸಲ ಓದಿ ಕಳೆದು ನೋಡಿದೆ. ಸಿ10ರಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಎಲ್ಲ ಹೊತ್ತೂ ಸಿ6, ಸಿ8ರ ಸುತ್ತಲೇ ಕಳೆದಿತ್ತು.

ಓದುವಾಗ ಒಂದು ಎಚ್ಚರಿಕೆ. ಎಸ್‌ಎಸ್‌ಎಚ್‌ನಲ್ಲಿ (ಬೇರೆ ಯಂತ್ರದಿಂದ ದೂರದ ಲಾಗಿನ್) ಕುಳಿತು ಕಣ್ಣೆದುರು ಅಂಕಿ ಓಡುವುದನ್ನು ನೋಡುತ್ತಿದ್ದರೆ ನೀವೇ ಅದನ್ನು ಎಬ್ಬಿಸುತ್ತಿರುತ್ತೀರಿ. ಓದಿ, 300 ಸೆಕೆಂಡು ಮಲಗಿ, ಮತ್ತೆ ಓದಿ ಕಡತಕ್ಕೆ ಬರೆಯುವ ಸಣ್ಣ ಸ್ಕ್ರಿಪ್ಟ್ ಬಿಟ್ಟು ಲಾಗೌಟ್ ಆಗಿ. ಕಾಫಿ ಕುಡಿದು ಬನ್ನಿ. ಪವರ್‌ಟಾಪ್ ಕೂಡ ಉಪಯೋಗಕ್ಕೆ ಬರುತ್ತದೆ, ಸೆಕೆಂಡಿಗೆ ಯಾರು ಎಷ್ಟು ಸಲ ಎಬ್ಬಿಸಿದರು ಎಂದು ಪಟ್ಟಿ ಕೊಡುತ್ತದೆ. ಆದರೆ ಅದು ತೋರಿಸುವ ವ್ಯಾಟ್ ಅಂದಾಜಿಗೆ ಲ್ಯಾಪ್‌ಟಾಪಿನಂತೆ ಯಂತ್ರದೊಳಗೇ ಅಳೆಯಬಲ್ಲ ಬ್ಯಾಟರಿ ಇರಬೇಕು. ಇಂಥ ಪೆಟ್ಟಿಗೆಯಲ್ಲಿ ಹೊರಗಿನ ಮೀಟರನ್ನೇ ನಂಬಿ.

ಎಬ್ಬಿಸುತ್ತಿರುವುದು ಯಾರು

ಪ್ರಾಕ್ ಡೈರೆಕ್ಟರಿಯ ಇಂಟರಪ್ಟ್ಸ್ ಕಡತದಲ್ಲಿ ಎಲ್‌ಒಸಿ ಎಂಬ ಸಾಲು ಇದೆ, ಪ್ರತಿ ಕೋರ್‌ನ ಸ್ವಂತ ಟೈಮರ್ ಇಂಟರಪ್ಟಿನ, ಅಂದರೆ ಹೊತ್ತಾಯಿತೆಂದು ಎಬ್ಬಿಸುವ ಕರೆಯ, ಎಣಿಕೆ. ನನ್ನ ಲೆಕ್ಕಕ್ಕೆ ಸಿಕ್ಕಿದ್ದು: 0ನೇ ಕೋರ್‌ಗೆ ಸೆಕೆಂಡಿಗೆ ಸುಮಾರು 140, ಉಳಿದ ಮೂರಕ್ಕೆ 105ರಿಂದ 120.

ಇಲ್ಲಿ ಮೊದಲು ತಳ್ಳಿಹಾಕಬೇಕಾದದ್ದು ಟಿಕ್. ಹಿಂದೆ ಕರ್ನಲ್ ಪ್ರತಿ ಕೋರನ್ನೂ ಸೆಕೆಂಡಿಗೆ ಇಷ್ಟು ಸಲ ಎಂದು ತಪ್ಪದೆ ತಟ್ಟುತ್ತಿತ್ತು, ಡೆಬಿಯನ್‌ನಲ್ಲಿ ಆ ಲೆಕ್ಕ 250. ಖಾಲಿ ಇರುವಾಗ ಈ ತಟ್ಟುವಿಕೆ ನಿಲ್ಲಿಸುವ ವ್ಯವಸ್ಥೆ 2007ರಲ್ಲಿ, 2.6.21ನೇ ಆವೃತ್ತಿಯಲ್ಲಿ ಬಂತು. ನಿಮ್ಮ ಎಣಿಕೆ ಎಲ್ಲ ಕೋರ್‌ನಲ್ಲೂ 250ಕ್ಕೆ ಅಂಟಿಕೊಂಡಿದ್ದರೆ ಟಿಕ್ ನಿಲ್ಲುತ್ತಿಲ್ಲ ಎಂದೇ ಅರ್ಥ. ಬೂಟ್ ಸಾಲಿನಲ್ಲಿ (ಶುರುವಾಗುವಾಗ ಕರ್ನಲ್‌ಗೆ ಕೊಡುವ ಸೂಚನೆಗಳು) ಯಾರಾದರೂ ನೋಹೆಚ್‌ಝಡ್ ಆಫ್ ಎಂದು ಬರೆದಿದ್ದಾರೆಯೇ ನೋಡಿ. ಅದೇ ಸಾಲಿನಲ್ಲಿ ಮ್ಯಾಕ್ಸ್ ಸಿಸ್ಟೇಟ್ 1 ಎಂದಿದ್ದರೆ ಕೋರ್ ಸಿ1ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಹಳೆಯ ಬೇ ಟ್ರೇಲ್ ಸೆಲೆರಾನ್‌ಗಳು ಲಿನಕ್ಸ್‌ನಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತಿದ್ದ ಕಾಲದಲ್ಲಿ ಈ ಮದ್ದು ಊರೆಲ್ಲ ಹರಡಿತ್ತು, ಹೊಸ ಯಂತ್ರಕ್ಕೂ ಅಭ್ಯಾಸಬಲದಿಂದ ಅಂಟಿಸುವವರಿದ್ದಾರೆ. ನಮ್ಮಲ್ಲಿ ಎರಡೂ ಇರಲಿಲ್ಲ.

ಆಮೇಲೆ ನೋಡಿದ್ದು ಪ್ರಾಕ್, ಸಿಸ್, ಕರ್ನಲ್ ಕೆಳಗಿನ ಟೈಮರ್ ಮೈಗ್ರೇಷನ್ (ಟೈಮರ್ ದಾಟಿಸುವುದು) ಎಂಬ ಸೆಟ್ಟಿಂಗ್. ಸಾಮಾನ್ಯವಾಗಿ 1 ಇರಬೇಕು. ನಮ್ಮಲ್ಲಿ 0 ಇತ್ತು. ಯಾರು ಮಾಡಿದ್ದು? ನಾನೇ. ಆಫೀಸಿನಲ್ಲಿ ತಡವಾಗಬಾರದ ಸರ್ವರ್ ಒಂದಕ್ಕೆ ಬರೆದಿದ್ದ ಸೆಟ್ಟಿಂಗ್ ಕಡತವನ್ನು ಹಾಗೇ ಇಲ್ಲಿಗೂ ನಕಲು ಮಾಡಿದ್ದೆ. ಸಿಕ್ಕಿತು ಕಳ್ಳ ಎಂದು 1 ಮಾಡಿ, ಚಿಕ್ಕಪ್ಪನನ್ನು ಕರೆದು ಮೀಟರ್ ತೋರಿಸಿದೆ.

6.1 ಇದ್ದದ್ದು 6.1ರಲ್ಲೇ ನಿಂತಿತ್ತು.

"ಕಳ್ಳ ಸಿಕ್ಕಿದ್ನಾ?"

"ಸಿಕ್ಕಿದ್ದ ಚಿಕ್ಕಪ್ಪ. ಕದ್ದಿದ್ದು ಅವ್ನಲ್ಲ ಅನ್ಸುತ್ತೆ."

ಟೈಮರ್ ಯಾರ ಮನೆಯಲ್ಲಿ ಇರುತ್ತದೆ

ಈ ಹಂತದಲ್ಲಿ ನನ್ನಂತೆ ಹಲವರು ತಲೆ ಕೆರೆದುಕೊಳ್ಳುವುದರಿಂದ ಸ್ವಲ್ಪ ನಿಂತು ಹೇಳುತ್ತೇನೆ.

ಪ್ರತಿ ಕೋರ್‌ಗೂ ತನ್ನದೇ ಟೈಮರ್ ಪಟ್ಟಿ ಇರುತ್ತದೆ. "ಇಷ್ಟು ಹೊತ್ತಾದ ಮೇಲೆ ಇದನ್ನು ಮಾಡು" ಎಂದು ಯಾವ ಕೋರ್‌ನ ಮೇಲೆ ಪ್ರೋಗ್ರಾಂ ಅಥವಾ ಕರ್ನಲ್ ಕೇಳಿಕೊಂಡಿತೋ ಆ ಕೋರ್‌ನ ಪಟ್ಟಿಗೆ ಅದು ಸೇರುತ್ತದೆ. ಆ ಕೋರ್ ಮಲಗಿದ್ದರೂ ಹೊತ್ತಿಗೆ ಸರಿಯಾಗಿ ಏಳಲೇಬೇಕು, ಪಕ್ಕದ ಕೋರ್ ಎದ್ದು ಕುಳಿತಿದ್ದರೂ. ಇದು ದಂಡ ಎಂದು 2009ರಲ್ಲಿ, 2.6.31ರ ಹೊತ್ತಿಗೆ, ಟೈಮರ್ ಹೂಡುವಾಗಲೇ ಅದನ್ನು ಎಚ್ಚರವಿರುವ ಬೇರೆ ಕೋರ್‌ಗೆ ದಾಟಿಸುವ ಏರ್ಪಾಡು ಬಂತು. ನಾನು 0 ಮಾಡಿದ್ದ ಸೆಟ್ಟಿಂಗ್ ಇದರದ್ದೇ.

ಆದರೆ ಅದು ಕೇಳುವ ಪ್ರಶ್ನೆ "ಈ ಕೋರ್ ಈಗ ಖಾಲಿ ಇದೆಯೇ" ಎಂಬುದು. ಪ್ರೋಗ್ರಾಂ ಒಂದು "10 ಮಿಲಿಸೆಕೆಂಡು ಮಲಗುತ್ತೇನೆ, ಎಬ್ಬಿಸು" ಎನ್ನುವ ಕ್ಷಣದಲ್ಲಿ ಆ ಕೋರ್ ಖಾಲಿ ಇರುವುದು ಹೇಗೆ ಸಾಧ್ಯ? ಕೇಳುತ್ತಿರುವ ಪ್ರೋಗ್ರಾಮೇ ಅದರ ಮೇಲೆ ಓಡುತ್ತಿದೆ! ಹಾಗಾಗಿ ಟೈಮರ್ ಅಲ್ಲೇ ಉಳಿಯುತ್ತದೆ, ಸೆಟ್ಟಿಂಗ್ 1 ಇರಲಿ 0 ಇರಲಿ. ಇನ್ನು ಟೈಮರ್ ಬೇರೆ ಕೋರ್‌ನಲ್ಲೇ ಸಿಡಿದರೂ (ಅದರ ಹೊತ್ತು ಬಂದರೂ) ಎಬ್ಬಿಸಬೇಕಾದ ಥ್ರೆಡ್, ಅಂದರೆ ಪ್ರೋಗ್ರಾಮಿನ ಒಂದು ಎಳೆ, ತಾನು ಹಿಂದೆ ಓಡಿದ ಕೋರ್ ಖಾಲಿ ಇದ್ದರೆ ಸಾಮಾನ್ಯವಾಗಿ ಅಲ್ಲಿಗೇ ಹೋಗುತ್ತದೆ. ಕೊನೆಗೆ ಆ ಕೋರ್ ಏಳುವುದು ತಪ್ಪುವುದಿಲ್ಲ. ಟೈಮರ್ ದಾಟಿಸಿ ಉಳಿಸಬಹುದಾದದ್ದು ಕರ್ನಲ್‌ನ ಸ್ವಂತ ಸಣ್ಣಪುಟ್ಟ ಕೆಲಸಗಳ ಎಚ್ಚರವನ್ನು.

ಹಾಗಾದರೆ ನಮ್ಮ ಪೆಟ್ಟಿಗೆಯಲ್ಲಿ ಎಬ್ಬಿಸುತ್ತಿರುವುದು ಯಾವ ಬಗೆಯದು? ಹಳೆಯ ಬರಹಗಳಲ್ಲಿ ಪ್ರಾಕ್‌ನ ಟೈಮರ್ ಸ್ಟ್ಯಾಟ್ಸ್ ಕಡತ ನೋಡಿ ಎಂದಿರುತ್ತದೆ. ಹುಡುಕಬೇಡಿ, ಅದನ್ನು 2017ರಲ್ಲಿ 4.11ರಿಂದಲೇ ತೆಗೆದಿದ್ದಾರೆ. ಈಗಿನ ದಾರಿ ಟ್ರೇಸ್ ಗುರುತುಗಳು, ಕರ್ನಲ್ ಒಳಗೆ ಯಾವಾಗ ಏನಾಯಿತು ಎಂದು ಬರೆಸುವಂಥವು. ಅದನ್ನು ಬರೆಸಿಕೊಳ್ಳುವ ಪರ್ಫ್ ಅಥವಾ ಎಫ್‌ಟ್ರೇಸ್‌ನಲ್ಲಿ ಟೈಮರ್ ಎಕ್ಸ್‌ಪೈರ್ ಎಂಟ್ರಿ, ಎಚ್‌ಆರ್‌ಟೈಮರ್ (ಹೆಚ್ಚು ನಿಖರವಾದ ಟೈಮರ್) ಎಕ್ಸ್‌ಪೈರ್ ಎಂಟ್ರಿ ಎಂಬ ಎರಡನ್ನು ಒಂದು ನಿಮಿಷ ತೆರೆದಿಟ್ಟು, ಸಿಕ್ಕ ಸಾಲುಗಳನ್ನು ಕೋರ್ ಮತ್ತು ಫಂಕ್ಷನ್ ಹೆಸರಿನ ಪ್ರಕಾರ ಎಣಿಸಿ.

ಹೆಸರು ಓದುವುದು ಹೀಗೆ. ಎಚ್‌ಆರ್‌ಟೈಮರ್ ವೇಕಪ್ ಎಂದರೆ ಯಾವುದೋ ಪ್ರೋಗ್ರಾಂ ಮಲಗಿ ಏಳುತ್ತಿದೆ, ತಪ್ಪು ಕರ್ನಲ್‌ನದ್ದಲ್ಲ. ಟಿಕ್ ಶೆಡ್ ಟೈಮರ್ ಎಂದರೆ ಮೇಲೆ ಹೇಳಿದ ಟಿಕ್. ಡಿಲೇಯ್ಡ್ ವರ್ಕ್ ಟೈಮರ್ ಮತ್ತು ಪ್ರೋಸೆಸ್ ಟೈಮೌಟ್ ಹೆಚ್ಚಾಗಿ ಕರ್ನಲ್ ಒಳಗಿನ ಮುಂದೂಡಿದ ಕೆಲಸಗಳು. ಟಿಸಿಪಿ ಎಂದು ಶುರುವಾಗುವವು ತೆರೆದಿಟ್ಟ ನೆಟ್‌ವರ್ಕ್ ಸಂಪರ್ಕಗಳದ್ದು. ವಾಚ್‌ಡಾಗ್ ಟೈಮರ್ ಪ್ರತಿ ಕೋರ್‌ನಲ್ಲೂ 4 ಸೆಕೆಂಡಿಗೊಮ್ಮೆ ಕಾಣುತ್ತದೆ. ಆಯಾ ಕೋರ್ ಸಿಕ್ಕಿಬಿದ್ದಿದೆಯೇ ಎಂದು ನೋಡುವುದೇ ಅದರ ಕೆಲಸವಾದ್ದರಿಂದ ಅದನ್ನು ಅಲ್ಲಿಗೇ ಕಟ್ಟಿಹಾಕಿರುತ್ತಾರೆ, ದಾಟಿಸಲು ಬಾರದು. 4 ಸೆಕೆಂಡಿಗೊಂದು ಎಚ್ಚರದಿಂದ ಬ್ಯಾಟರಿ ಮುಳುಗುವುದಿಲ್ಲ, ಬಿಟ್ಟುಬಿಡಿ.

ನನ್ನ ಪಟ್ಟಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಎಚ್‌ಆರ್‌ಟೈಮರ್ ವೇಕಪ್. ಮುಂದೆ ಥ್ರೆಡ್ ಹೆಸರು ನೋಡಿದರೆ ನಾಲ್ಕೂ ನನ್ನದೇ ಸೆನ್ಸರ್ ಪ್ರೋಗ್ರಾಮಿನ ಮಕ್ಕಳು. ಸೆನ್ಸರಿಗೊಂದು ಥ್ರೆಡ್, ಪ್ರತಿಯೊಂದೂ 10 ಮಿಲಿಸೆಕೆಂಡಿಗೊಮ್ಮೆ ಎದ್ದು "ಏನಾದರೂ ಬಂತೇ" ಎಂದು ಕೇಳುತ್ತಿತ್ತು. ಸಿ10ಕ್ಕೆ ಬೇಕಾದದ್ದೂ ಸರಿಯಾಗಿ 10 ಮಿಲಿಸೆಕೆಂಡು. ಬೇಕೆಂದೇ ಲೆಕ್ಕ ಹಾಕಿ ಕೆಡಿಸಿದ್ದರೂ ಇದಕ್ಕಿಂತ ಚೆನ್ನಾಗಿ ಕೆಡಿಸಲಾಗುತ್ತಿರಲಿಲ್ಲ. ಸಾಲದ್ದಕ್ಕೆ ನಾಲ್ಕೂ ಬೇರೆ ಬೇರೆ ಗಳಿಗೆಯಲ್ಲಿ ಏಳುತ್ತಿದ್ದವು. ನಾಲ್ಕು ಕೋರ್‌ಗೂ ಸೇರಿದ ಇಡೀ ಚಿಪ್ ಆಳಕ್ಕಿಳಿಯಲು ನಾಲ್ಕೂ ಒಟ್ಟಿಗೆ ಮಲಗಿರಬೇಕು. ಒಂದು ಎದ್ದಿದ್ದರೂ ಮನೆಯ ದೀಪ ಆರಿಸುವಂತಿಲ್ಲ.

ದುರಸ್ತಿ

ಮಳೆಮಾಪಕದಿಂದಲೇ ಶುರು ಮಾಡಿದೆ. ಅದರೊಳಗೆ ಮಕ್ಕಳ ಏರಿಳಿ ಹಲಗೆಯಂತೆ (ಸೀ-ಸಾ) ಆಡುವ ಪುಟ್ಟ ತೊಟ್ಟಿ ಇದೆ, 0.01 ಇಂಚು ಮಳೆ ತುಂಬಿದರೆ ಮಗುಚಿ ಒಂದು ಮಿಡಿತ ಕೊಡುತ್ತದೆ. ನಮ್ಮ ಪ್ಲಾಂಟರುಗಳ ಲೆಕ್ಕದಲ್ಲಿ ಒಂದು ಮಗುಚಿಗೆ ಒಂದು ಸೆಂಟು, ನೂರು ಸೆಂಟಿಗೆ ಒಂದು ಇಂಚು. ಎಷ್ಟೇ ಜಡಿದರೂ ಸೆಕೆಂಡಿಗೆ ನೂರು ಸಲ ಮಗುಚುವ ಮಳೆ ಕೊಟ್ಟಿಗೆಹಾರದಲ್ಲೂ ಇಲ್ಲ! ಕೇಳುತ್ತ ಕೂರುವುದನ್ನು ಬಿಟ್ಟು, ಮಿಡಿತ ಬಂದಾಗಷ್ಟೇ ಏಳುವಂತೆ ಓದುವ ಕರೆಯನ್ನು ಕಾಯುವ ಕರೆಯಾಗಿ ಬದಲಿಸಿದೆ. ಉಳಿದ ಮೂರು ಸೆನ್ಸರಿಗೆ ಬೇರೆ ಬೇರೆ ಥ್ರೆಡ್ ತೆಗೆದುಹಾಕಿ, ನಿಮಿಷಕ್ಕೊಮ್ಮೆ ಒಂದೇ ಸಲ ಎದ್ದು ಮೂರನ್ನೂ ಓದುವಂತೆ ಮಾಡಿದೆ. ಮಣ್ಣಿನ ತೇವ ನಿಮಿಷದೊಳಗೆ ಎಲ್ಲಿಗೂ ಓಡಿಹೋಗುವುದಿಲ್ಲ.

ನಂತರ ಸಿಸ್ಟಮ್‌ಡಿ ಯೂನಿಟ್ ಕಡತದಲ್ಲಿ (ಪ್ರೋಗ್ರಾಮನ್ನು ಹೇಗೆ ಶುರು ಮಾಡಬೇಕೆಂದು ಬರೆದಿಡುವ ಕಡತ) ಸಿಪಿಯು ಅಫಿನಿಟಿ ಸಾಲು ಸೇರಿಸಿ ಈ ಪ್ರೋಗ್ರಾಮನ್ನು 0ನೇ ಕೋರ್‌ಗೆ ಕಟ್ಟಿದೆ. ಯುಎಸ್‌ಬಿ ಇಂಟರಪ್ಟನ್ನೂ ಅಲ್ಲಿಗೇ ತಿರುಗಿಸಿದೆ. ಏಳುವ ಕೆಲಸವೆಲ್ಲ ಒಬ್ಬನದ್ದೇ ಆದರೆ ಮೂವರು ಮಲಗಬಹುದು. ಸ್ವಂತ ಪ್ರೋಗ್ರಾಂ ಅಲ್ಲದೆ, ಕೋಡ್ ಬದಲಿಸಲಾಗದಿದ್ದರೆ ಪ್ರಾಕ್‌ನಲ್ಲಿ ಆ ಪ್ರೋಸೆಸ್ಸಿನ ಟೈಮರ್‌ಸ್ಲ್ಯಾಕ್ (ಏಳುವುದು ಎಷ್ಟು ತಡವಾದರೂ ಸರಿ ಎಂಬ ಸಡಿಲ) ಹೆಚ್ಚಿಸಿ ನೋಡಬಹುದು. ಸಾಮಾನ್ಯವಾಗಿ ಅದು 50 ಮೈಕ್ರೋಸೆಕೆಂಡು. ಕೆಲವು ಮಿಲಿಸೆಕೆಂಡು ಕೊಟ್ಟರೆ ಹತ್ತಿರ ಹತ್ತಿರ ಏಳುವವರನ್ನು ಕರ್ನಲ್ ಒಂದೇ ಸಲ ಎಬ್ಬಿಸುತ್ತದೆ.

ಮೀಟರು 5.0ಕ್ಕೆ ಇಳಿಯಿತು. ಚಿಕ್ಕಪ್ಪನನ್ನು ಈ ಸಲ ಕರೆಯಲಿಲ್ಲ, ಅವರೇ ಬಂದು ನೋಡಿ ಹೋದರು.

ಈಗ ಟೈಮರ್ ಮೈಗ್ರೇಷನ್ ಸೆಟ್ಟಿಂಗನ್ನು ಮತ್ತೆ 0, 1 ಮಾಡಿ ಅಳೆದೆ. ಗದ್ದಲ ಅಡಗಿದ ಮೇಲೆ ವ್ಯತ್ಯಾಸ ಕಂಡಿತು. 0 ಇದ್ದಾಗ 1, 2, 3ನೇ ಕೋರ್‌ಗಳಲ್ಲಿ ಸೆಕೆಂಡಿಗೆ ಒಂಬತ್ತು ಹತ್ತು ಎಚ್ಚರ, 1 ಇದ್ದಾಗ ನಾಲ್ಕು. ಮೀಟರಿನಲ್ಲಿ ಅದು ಗುರುತಿಸುವಷ್ಟು ದೊಡ್ಡದಲ್ಲ. ಮಲಗಿದ ಕೋರ್‌ನಲ್ಲಿ ಸಿಡಿದ ಟೈಮರ್ ತನ್ನನ್ನೇ ಮತ್ತೆ ಹೂಡಿಕೊಳ್ಳುವಾಗ ಕೋರ್ ಖಾಲಿ ಎಂದೇ ಲೆಕ್ಕ, ಎಚ್ಚರವಿರುವ ಇನ್ನೊಂದಕ್ಕೆ ದಾಟುತ್ತದೆ. ಆ ನಾಲ್ಕು ಯಾಕೆ ಉಳಿದವು ಎಂದರೆ, ನಾಲ್ಕೂ ಕೋರ್ ಮಲಗಿರುವಾಗ ದಾಟಿಸುವುದು ಯಾರಿಗೆ?

ಈ ಕೊರತೆಗೆ ಮದ್ದು 2024ರ ಮೇ ತಿಂಗಳ ಕರ್ನಲ್ 6.9ರಲ್ಲಿ ಬಂತು. ಅನ್ನಾ ಮರಿಯಾ ಬೆಹ್ನ್‌ಸೆನ್ ಮತ್ತು ಥಾಮಸ್ ಗ್ಲೈಕ್ಸ್‌ನರ್ ಹಲವು ವರ್ಷ ತಿದ್ದಿ ತೀಡಿದ ಕೆಲಸ. ಆನೆ ಕಾವಲಿಗೆ ಕೂತವರ ಪದ್ಧತಿಯಂತಿದೆ ಅದು. ಹಳೆಯ ಕ್ರಮದಲ್ಲಿ ಕೆಲಸ ಹಂಚುವಾಗಲೇ "ಮೂರು ಗಂಟೆಗೆ ಯಾರು ಎಚ್ಚರ ಇರ್ತಾರೆ" ಎಂದು ಊಹಿಸಬೇಕಿತ್ತು. ಆ ಊಹೆ ತಪ್ಪುವುದೇ ಹೆಚ್ಚು. ನೆಟ್‌ವರ್ಕಿನ ಟೈಮರ್‌ಗಳಲ್ಲಂತೂ ಬಹುಪಾಲು ಸಿಡಿಯುವ ಮೊದಲೇ ರದ್ದಾಗುತ್ತವೆ, ಊಹಿಸಿದ ಶ್ರಮವೂ ದಂಡ. ಹೊಸ ಕ್ರಮದಲ್ಲಿ ಟೈಮರ್ ಹೂಡಿದ ಕೋರ್‌ನಲ್ಲೇ ಇರುತ್ತದೆ. ಮಲಗಲು ಹೊರಟವನು "ನನ್ನ ಪಾಲಿನ ಮುಂದಿನ ಕೆಲಸ ಇಷ್ಟು ಹೊತ್ತಿಗೆ" ಎಂದು ಗುಂಪಿನ ಚೀಟಿಯಲ್ಲಿ ಬರೆದು ಮಲಗುತ್ತಾನೆ. ಎಚ್ಚರವಿರುವವನು ಚೀಟಿ ನೋಡಿ, ಮಲಗಿದವನನ್ನು ಎಬ್ಬಿಸದೆ, ಅವನ ಪಟ್ಟಿಯ ಕೆಲಸವನ್ನು ತಾನೇ ಎಳೆದುಕೊಂಡು ಮುಗಿಸುತ್ತಾನೆ. ಎಲ್ಲರೂ ಮಲಗುವಾಗ ಕೊನೆಗೆ ಮಲಗುವವನು ಎಲ್ಲಕ್ಕಿಂತ ಮುಂಚಿನ ಹೊತ್ತಿಗೆ ತನ್ನ ಅಲಾರಾಂ ಇಟ್ಟುಕೊಳ್ಳಬೇಕು. ಗುಂಪೆಂದರೆ ಎಂಟು ಕೋರ್. ದೊಡ್ಡ ಯಂತ್ರಗಳಲ್ಲಿ ಗುಂಪುಗಳ ಮೇಲೆ ಗುಂಪು ಕಟ್ಟುತ್ತಾರೆ, ನಮ್ಮದರಲ್ಲಿ ಒಂದೇ.

ಇದು ಅನ್ವಯಿಸುವುದು ಟೈಮರ್ ಚಕ್ರದಲ್ಲಿ (ಅಷ್ಟು ನಿಖರತೆ ಬೇಡದ ಟೈಮರ್‌ಗಳ ಪಟ್ಟಿ) ಕೂರುವ ಕರ್ನಲ್ ಟೈಮರ್‌ಗಳಿಗೆ. ಪ್ರೋಗ್ರಾಂಗಳು ಮಲಗಿ ಏಳಲು ಬಳಸುವ ಎಚ್‌ಆರ್‌ಟೈಮರ್‌ಗಳಿಗಲ್ಲ. ಹಾಗಾಗಿ ಕರ್ನಲ್ ಏರಿಸಿದರೆ ನನ್ನ ಹಳೆಯ ಪ್ರೋಗ್ರಾಂ ತಾನಾಗಿ ಸರಿಹೋಗುತ್ತಿರಲಿಲ್ಲ. ಉಬುಂಟು 24.04 ಹಾಕಿಕೊಂಡವರು ಗಮನಿಸಿ, ಅದು ಬಂದದ್ದು 6.8ರ ಜತೆ, ಒಂದೇ ಮೆಟ್ಟಿಲು ಕೆಳಗೆ. ಡೆಬಿಯನ್ 13ರಲ್ಲಿ 6.12 ಇದೆ. ಚಿಕ್ಕಪ್ಪನ ಪೆಟ್ಟಿಗೆಯನ್ನು ಅದಕ್ಕೆ ಏರಿಸಿದ ಮೇಲೆ 1ರಿಂದ 3ನೇ ಕೋರ್‌ಗಳ ಎಚ್ಚರ ಸೆಕೆಂಡಿಗೆ ಎರಡರ ಆಸುಪಾಸಿಗೆ ಬಂತು, ಸಿ10ರ ಪಾಲು ಏರಿತು, ಮೀಟರು 4.9ಕ್ಕೂ 5.0ಕ್ಕೂ ನಡುವೆ ತೂಗಾಡುತ್ತದೆ. 240 ವ್ಯಾಟ್ ಗಂಟೆಗೆ ಸುಮಾರು 49 ಗಂಟೆ, ಮೊದಲಿಗಿಂತ ಹತ್ತು ಗಂಟೆ ಜಾಸ್ತಿ.

ಮಾಡಬಾರದ ಒಂದನ್ನು ಹೇಳಲೇಬೇಕು. ಹೆಸರು ನೋಡಿ ಮರುಳಾಗಿ ನೋಹೆಚ್‌ಝಡ್ ಫುಲ್ ಎಂದು ಬೂಟ್ ಸಾಲಿಗೆ ಹಾಕಬೇಡಿ. ಅದು ದುಡಿಯುತ್ತಿರುವ ಕೋರ್‌ಗೆ ಟಿಕ್‌ನ ಕಿರಿಕಿರಿ ತಪ್ಪಿಸಲು ಇರುವುದು. ಅದಕ್ಕಾಗಿ ಕಾಲ ನೋಡಿಕೊಳ್ಳುವ ಒಂದು ಕೋರ್ ಸದಾ ತಟ್ಟಿಸಿಕೊಳ್ಳುತ್ತ ಎದ್ದಿರಬೇಕಾಗುತ್ತದೆ. ಬ್ಯಾಟರಿ ಮೇಲಿನ ಯಂತ್ರಕ್ಕೆ ಉಲ್ಟಾ ಮದ್ದು.

ಸರಿಪಡಿಸಿದ ಮೇಲೆ ಬಿದ್ದ ದೊಡ್ಡ ಮಳೆಯ ಮರುದಿನ ಚಿಕ್ಕಪ್ಪನ ಫೋನು ಬಂತು. ಬೆಳಗ್ಗೆ ಎಂಟೂವರೆ ಆಗಿತ್ತು, ಪೆಟ್ಟಿಗೆ ಎದ್ದೇ ಇತ್ತು.

"ನಿನ್ನ ಪೆಟ್ಟಿಗೆ ಮೂರು ಇಂಚು ನಲವತ್ತು ಸೆಂಟು ಅಂತಿದೆ ಕಣೋ. ನನ್ನ ಡಬ್ಬೀಲಿ ಮೂರು ಐವತ್ತೆರಡು ಇದೆ. ಯಾವ್ದನ್ನ ಬರ್ಕೊಳ್ಲಿ?"

"ಡಬ್ಬೀದೇ ಬರ್ಕೊಳ್ಳಿ ಚಿಕ್ಕಪ್ಪ. ಜೋರು ಮಳೇಲಿ ತೊಟ್ಟಿ ಮಗುಚೋ ಅಷ್ಟರಲ್ಲಿ ಸ್ವಲ್ಪ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತೆ. ಅದನ್ನ ಮುಂದಿನ ಸಲ ಬಂದಾಗ ನೋಡೋಣ."